ಲಿನನ್ ರೂಮಿನ ಟ್ರಂಕು

ಸರೋಜಕ್ಕ, ಆ ಪುಸ್ತಕ ನನಗೆ ಸಿಕ್ಕಿತ್ತು. ಸಿಗಲಿಲ್ಲ ಎಂದು ನಿಮ್ಮ ಮನೆಯಲ್ಲೇ ಕೂತು, ನೀವು ಬಡಿಸಿದ ಹುಳಿ ಅನ್ನ ಉಣ್ಣುತ್ತಾ ಹೇಳಿದ್ದು ಸುಳ್ಳು.

ಆಗ ನಾವು ಆರ್.ಕೆ.ಪುರಂ ಕ್ವಾರ್ಟರ್ಸ್‌ನಲ್ಲಿ ಎದುರುಬದುರು ಮನೆಯವರು. ಮಿಲಿಟರಿಯವರು ಬಿಟ್ಟುಕೊಟ್ಟ ಹಳೆಯ ಆಸ್ಪತ್ರೆಯನ್ನು ಕೆಡವಿ ವೈದ್ಯಕೀಯ ಸಂಶೋಧನೆಯ ಕ್ಯಾಂಪಸ್ ಕಟ್ಟುವ ಕೆಲಸ ನಮ್ಮ ಇಲಾಖೆಗೆ ಬಂದಿತ್ತು. ಜಾಗ ಖಾಲಿ ಮಾಡಿಸುವುದು ನನ್ನ ಪಾಲಿಗೆ. ಅದು ತಿಳಿದ ದಿನವೇ ನೀವು ಬಂದಿರಿ. ಎಪ್ಪತ್ತೊಂದರ ಯುದ್ಧದಲ್ಲಿ ಗಾಯಗೊಂಡ ನಿಮ್ಮ ತಮ್ಮ ತೀರಿಕೊಂಡದ್ದು ಅಲ್ಲಿಯೇ. ಮನೆಯವರನ್ನು ಎದುರು ಹಾಕಿಕೊಂಡು ಮದುವೆಯಾದಿರೆಂದು ಅವನು ನಿಮ್ಮೊಡನೆ ಮಾತು ಬಿಟ್ಟಿದ್ದ. ನೋಡಲು ಹೋದಾಗ ಗೇಟಿನವನು, ಪೇಷಂಟಿಗೆ ನಿಮ್ಮನ್ನು ನೋಡುವ ಮನಸ್ಸಿಲ್ಲವಂತೆ ಎಂದು ವಾಪಸ್ ಕಳುಹಿಸಿದ್ದ.

"ನರ್ಸುಗಳು ಬರೆದಿಟ್ಟಿದ್ದು ಏನಾದ್ರೂ ಸಿಕ್ರೆ ನೋಡಪ್ಪ. ನಿಜವಾಗ್ಲೂ ನನ್ನ ಮುಖ ನೋಡಲ್ಲ ಅಂದಿದ್ನಾ ಅಂತ — ಅಷ್ಟೇ," ಎಂದಿರಿ.

ನಮ್ಮ ಕಚೇರಿಯ ರೀತಿ ನಿಮಗೆ ಗೊತ್ತಿಲ್ಲ. ಹಸ್ತಾಂತರದ ದಿನ ತಪ್ಪಬಾರದೆಂದು, ಕಟ್ಟಡದಲ್ಲಿ ಯಾವ ದಾಖಲೆಯೂ ಉಳಿದಿಲ್ಲ ಎಂಬ ಸರ್ಟಿಫಿಕೇಟಿಗೆ ಮೊದಲು ಸಹಿ ಹಾಕುತ್ತೇವೆ, ಕೋಣೆಗಳನ್ನು ಆಮೇಲೆ ನೋಡುತ್ತೇವೆ. ಹಾಗೆ ನೋಡುವಾಗ, ಹೊದಿಕೆಗಳನ್ನಿಡುತ್ತಿದ್ದ ಲಿನನ್ ರೂಮಿನಲ್ಲೊಂದು ಟ್ರಂಕು, ಅದರ ತುಂಬ ವಾರ್ಡಿನ ಪುಸ್ತಕಗಳು. ನಿಮ್ಮ ತಮ್ಮನ ಹೆಸರು ಹುಡುಕಿದೆ. ಇತ್ತು. ಗಾಯ ನಂಜೇರಿದೆ, ಯಾರನ್ನೂ ಒಳಗೆ ಬಿಡಬಾರದು — ಡಾಕ್ಟರ ಆದೇಶ. ಅದರ ಕೆಳಗೆ ನರ್ಸಿನ ದುಂಡು ಅಕ್ಷರದಲ್ಲಿ: ಅಕ್ಕ ಬಂದಳೇ ಎಂದು ಎರಡು ಸಲ ಕೇಳಿದ.

ಪುಸ್ತಕ ಹೊರಗೆ ತಂದರೆ ನನ್ನ ಸಹಿ ಸುಳ್ಳಾಗುತ್ತಿತ್ತು. ಪ್ರಮೋಷನ್ ಫೈಲು ಮೇಲಕ್ಕೆ ಹೋಗಿತ್ತು… ಆ ಒಂದು ಹಾಳೆಯನ್ನಾದರೂ — ಇಲ್ಲ, ಅದನ್ನೂ ಮಾಡಲಿಲ್ಲ. ಬಾಯಿಮಾತಿನಲ್ಲಾದರೂ ಹೇಳಬಹುದಿತ್ತು; ಎಲ್ಲಿ ನೋಡಿದೆ ಎಂದು ನೀವು ಕೇಳಿದರೆ, ನಿಮ್ಮ ಯಜಮಾನರು ಇಲಾಖೆಗೆ ಅರ್ಜಿ ಹಾಕಿದರೆ ಎಂದು ಹೆದರಿದೆ. ಟ್ರಂಕು ರದ್ದಿಯ ಲಾರಿ ಹತ್ತಿತು. ನಾನೇ ನಿಂತು ಹತ್ತಿಸಿದೆ.

"ಅಚ್ಛಾ, ಹೋಗ್ಲಿ ಬಿಡು. ಅವನು ಬೇಡ ಅಂದಿದ್ದು ನಿಜವೇ ಇರ್ಬೇಕು," ಎಂದು ನೀವು ನನ್ನ ತಟ್ಟೆಗೆ ಇನ್ನೊಂದು ಸೌಟು ಹುಳಿ ಬಡಿಸಿದಿರಿ. ನಾನು ಉಂಡೆ. ನಾಚಿಕೆಗೆಟ್ಟವನು, ಪೂರ್ತಿ ಉಂಡೆ.

ಮೊನ್ನೆ ನಿವೃತ್ತನಾದೆ. ಇನ್ನು ಯಾರೂ ನನಗೆ ಏನೂ ಮಾಡಲಾರರು ಎಂದು ಖಾತ್ರಿಯಾದ ಮೇಲೆಯೇ ಬರೆಯಲು ಕೂತಿದ್ದೇನೆ — ಇದೂ ನಿಮಗೆ ತಿಳಿದಿರಲಿ.

ನಿಮಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲವಂತೆ, ಮೊಮ್ಮಕ್ಕಳಿಗೆ ಕನ್ನಡ ಓದಲು ಬಾರದು. ಹಾಗಾಗಿ ಇದನ್ನು ಅಂಚೆಗೆ ಹಾಕುವುದಿಲ್ಲ. ಭಾನುವಾರ ಬೆಳಿಗ್ಗೆ ನೀವೀಗ ಇರುವ ದ್ವಾರಕಾ ಬಡಾವಣೆಗೆ ನಾನೇ ಬಂದು, ನಿಮ್ಮೆದುರು ಕೂತು ಓದುತ್ತೇನೆ. ಮುಗಿದ ಮೇಲೆ ನೀವು ಎದ್ದು ಒಳಗೆ ಹೋದರೆ ಬಾಗಿಲು ಎಳೆದುಕೊಂಡು ಹೊರಡುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಅವನು ನಿಮ್ಮನ್ನು ಬೇಡ ಎನ್ನಲಿಲ್ಲ, ಅಕ್ಕ. ಇಷ್ಟು ಹೇಳಲು ನನಗೆ ಆರು ವರ್ಷ ಬೇಕಾಯಿತು.