ಎಪ್ಪತ್ತೊಂದು ಕಿಲೋಮೀಟರ್

"ಅದು ಅಂದಾಜು ರೀ ಸರ್," ಎಂದು ಸರ್ವಿಸ್ ಸೆಂಟರಿನವನು ನಕ್ಕ. "ಟ್ಯಾಂಕಿನ್ಯಾಗ ಎಷ್ಟದ, ಹಿಂದ ನೀವು ಹೆಂಗ ಓಡಿಸೀರಿ, ಎರಡೂ ನೋಡಿ ಹೇಳ್ತದ. ಹೆಚ್ಚುಕಮ್ಮಿ ಆಗ್ತದ್ರಿ."

ಅಂದಾಜಂತೆ! ಅಂದಾಜಾದರೆ ಅಂದಾಜಿನ ಹಾಗೆ ಹೇಳಬೇಕಪ್ಪ. ಕಲಬುರಗಿಯಲ್ಲಿ ನಮ್ಮ ಮೋಮಿನಪುರದ ಚಹಾದಂಗಡಿಯವನನ್ನು ಕಮಲಾಪುರ ಎಷ್ಟು ದೂರ ಎಂದು ಕೇಳಿ ನೋಡಿ, "ಇರಬೇಕು ಒಂದ್ ಮೂವತ್ತೈದು ನಲವತ್ತು" ಎನ್ನುತ್ತಾನೆ. ತನಗೆ ಪಕ್ಕಾ ಗೊತ್ತಿಲ್ಲ ಎಂಬುದು ಅವನಿಗೆ ಗೊತ್ತು. ಇರುವ ಪೆಟ್ರೋಲಿನಲ್ಲಿ ಇನ್ನೆಷ್ಟು ದೂರ ಓಡುತ್ತೇನೆಂದು ತೋರಿಸುವ ನನ್ನ ಕಾರಿನ ಪರದೆ ಎಪ್ಪತ್ತು ಎನ್ನಲಿಲ್ಲ, ಎಪ್ಪತ್ತೊಂದು ಎಂದಿತು. ಆ ಮೇಲಿನ ಒಂದು ಇದೆಯಲ್ಲ, ಅದೇ ನನ್ನನ್ನು ನಂಬಿಸಿದ್ದು. ಲೀಟರಿಗೆ ಇಪ್ಪತ್ತೊಂದು ಪಾಯಿಂಟ್ ನಾಲ್ಕು ಕೊಡುತ್ತೇನೆಂದು ಇದೇ ಪರದೆ ತಿಂಗಳುಗಟ್ಟಲೆ ಕೊಚ್ಚಿಕೊಂಡಿತ್ತು. ಎಲ್ಲ ಮುಗಿದ ಮೇಲೆ ಟ್ಯಾಂಕು ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ ನೋಡಿದೆ. ಹದಿನೇಳು ಬಂತು. ಪಾಯಿಂಟ್ ನಾಲ್ಕಂತೆ, ಅದರ ಮುಖಕ್ಕಿಷ್ಟು.

ನನ್ನ ಅಬ್ಬಾ ಇಪ್ಪತ್ತೆಂಟು ವರ್ಷ ಕಲಬುರಗಿ–ಕಮಲಾಪುರದ ನಡುವೆ ಬಾಡಿಗೆ ಜೀಪು ಓಡಿಸಿದವರು. ಆ ಜೀಪಿನ ಡೀಸೆಲ್ ಮುಳ್ಳು ನಾನು ಹುಟ್ಟುವ ಮೊದಲೇ ಸತ್ತಿತ್ತು. ಹೊರಡುವ ಮುಂಚೆ ಅಬ್ಬಾ ಟ್ಯಾಂಕಿನ ಮುಚ್ಚಳ ತೆಗೆದು, ಸೊಂಟದಿಂದ ಜೀಪನ್ನು ಒಮ್ಮೆ ನೂಕಿ, ಟ್ಯಾಂಕಿನ ಬಾಯಿಗೆ ಕಿವಿ ಇಡುತ್ತಿದ್ದರು. ಒಳಗೆ ಡೀಸೆಲ್ ಕುಲುಕುವ ಸದ್ದು ಕೇಳಿ "ಹೋಗಿ ಬರ್ತದ" ಎನ್ನುವರು, ಇಲ್ಲವೇ "ಹೋಗ್ತದ, ಬರೂದಿಲ್ಲ" ಎನ್ನುವರು. ಮೂರನೇ ಮಾತಿಲ್ಲ. ಮನೆಯಲ್ಲಿ ದಖನಿ ಉರ್ದು ಆಡುವ ಮನುಷ್ಯ ಗಾಡಿಯ ಹತ್ತಿರ ಬಂದರೆ ಕನ್ನಡವನ್ನೇ ಆಡುತ್ತಿದ್ದರು. ಡ್ರೈವರಿಕೆಯಿಂದ ಬಂದ ರೂಢಿ.

ಆ ಕಿವಿಗೆ ಸಾಕ್ಷಿ ಕಮಲಾಪುರದ ಅವರ ಗೆಳೆಯ, ಕೆಂಪುಬಾಳೆ ತೋಟದವನು. ಅವನ ಗೊನೆಗಳೆಲ್ಲ ಅಬ್ಬಾನ ಜೀಪಿನಲ್ಲೇ ಪೇಟೆಗೆ ಬರುತ್ತಿದ್ದವು, ಅವನು ಮುಂದಿನ ಸೀಟಿನಲ್ಲಿ. "ಒಂದ್ ದಿನಾನೂ ದಾರ್ಯಾಗ ನಿಂದರಿಸಿಲ್ಲ ಈ ಸಾಬ" ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಅವನು ತೀರಿಕೊಂಡ ಸುದ್ದಿ ಬಂದದ್ದು ಒಂದು ಮಧ್ಯಾಹ್ನ. ಮೂರು ಗಂಟೆಗೆ ಮಣ್ಣು ಎಂದರು. ಅಬ್ಬಾ ಊಟದ ತಟ್ಟೆ ಬಿಟ್ಟು ಎದ್ದರು. "ಮುಖಾ ನೋಡಬೇಕು. ಬ್ಯಾರೆ ಏನೂ ಬ್ಯಾಡ." ಜೀಪ್ ಸ್ಟ್ಯಾಂಡಿನ ಹಳೆಯ ಡ್ರೈವರುಗಳು ಮೂವರು ನಾವೂ ಬರುತ್ತೇವೆಂದು ಬಂದು ನಿಂತರು.

ಅಬ್ಬಾ ಅಭ್ಯಾಸಬಲದಿಂದ ನನ್ನ ಕಾರಿನ ಮುಚ್ಚಳ ತೆಗೆಸಿದರು. ಸೊಂಟದಿಂದ ನೂಕಿದರು, ಕಿವಿ ಇಟ್ಟರು. ಡ್ರೈವರುಗಳು ನಕ್ಕರು, ನಾನೂ ನಕ್ಕೆ.

"ಸಪ್ಪಳ ಬರವಲ್ದು. ಮೊದಲ ಪೆಟ್ರೋಲ್ ಹಾಕಸು," ಎಂದರು.

"ಇದು ನಿಮ್ಮ ಜೀಪಲ್ಲ ಅಬ್ಬಾ. ಇಲ್ಲಿ ನೋಡ್ರಿ, ಎಪ್ಪತ್ತೊಂದು. ದಾರಿ ನಲವತ್ತೂ ಇಲ್ಲ. ಅಲ್ಲಿ ಮುಟ್ಟಿದ ಮ್ಯಾಲ ಹಾಕಸ್ತೀನಿ."

ಅಬ್ಬಾ ಪರದೆಯನ್ನು ನೋಡಿದರು, ನನ್ನನ್ನು ನೋಡಿದರು. "ನೀ ಓದಿದಾಂವ," ಎಂದು ಕೂತರು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ನನ್ನಂಥವರನ್ನು ನೋಡಿಯೇ ಇರಬೇಕು.

ವಾರವಿಡೀ ಒಬ್ಬನೇ, ಎ.ಸಿ. ಇಲ್ಲದೆ, ಖಾಲಿ ಹೆದ್ದಾರಿಯಲ್ಲಿ ಓಡಿಸಿದ್ದೆ. ಕಾರು ಅದನ್ನೇ ನೆನಪಿಟ್ಟುಕೊಂಡು ಎಪ್ಪತ್ತೊಂದು ಎಂದಿತ್ತು. ಈಗ ಐದು ಜನ, ಬಿಸಿಲು, ಎ.ಸಿ. ಜೋರು. ರೋಜಾ ದರ್ಗಾದ ಹತ್ತಿರ ಉರುಸಿನ ಗದ್ದಲದಲ್ಲಿ ಅರ್ಧ ತಾಸು ತೆವಳಿದೆವು. ಊರು ದಾಟುವಾಗ ಐವತ್ತಕ್ಕೆ ಬಂದಿತ್ತು. ಹುಮನಾಬಾದ ರಸ್ತೆಯ ಪೆಟ್ರೋಲ್ ಬಂಕ್ ಬಂದಾಗ ಅಬ್ಬಾ ಕುತ್ತಿಗೆ ತಿರುಗಿಸಿ ನೋಡಿದರು. ಐವತ್ತಿದೆಯಲ್ಲ ಎಂದು ನಾನು ಮುಂದೆ ಹೋದೆ. ಕಮಲಾಪುರ ಹನ್ನೆರಡು ಕಿಲೋಮೀಟರ್ ಇರುವಾಗ ಇಪ್ಪತ್ತೆರಡು ತೋರಿಸಿತು. ಮುಂದೊಂದು ಏರಿನಲ್ಲಿ ಅಂಕಿಯೇ ಮಾಯ, ಬರೀ ಅಡ್ಡಗೆರೆಗಳು. ದಿನಾ ಬಡಾಯಿ ಕೊಚ್ಚಿದ್ದು ಬೇಕಾದ ಹೊತ್ತಿಗೆ ಬಾಯಿ ಮುಚ್ಚಿಕೊಂಡಿತು. ಸ್ವಲ್ಪ ಮುಂದೆ ಕಾರು ಕೆಮ್ಮಿ ನಿಂತಿತು. ಗಂಟೆ ಎರಡೂವರೆ.

ಕೈ ಅಡ್ಡ ಮಾಡಿದರೂ ಬಸ್ಸು ನಿಲ್ಲಲಿಲ್ಲ. ಮೊಣಕಾಲು ಆಪರೇಷನ್ ಆದ ಅಬ್ಬಾ ಬೈಕು ಹತ್ತುವಂತಿರಲಿಲ್ಲ. ದಾರಿಹೋಕನೊಬ್ಬನ ಬೈಕಿನ ಹಿಂದೆ ಕೂತು ನಾನೇ ಕಮಲಾಪುರಕ್ಕೆ ಹೋದೆ. ಡಬ್ಬಿಯಲ್ಲಿ ಕೊಡುವುದಿಲ್ಲ ಎಂದ ಬಂಕಿನವನ ಜೊತೆ ಜಗಳಾಡಿ, ಎರಡು ಲೀಟರ್ ತುಂಬಿಸಿಕೊಂಡು ತಿರುಗಿದರೆ ಎದುರಿಗೇ ಮಣ್ಣಿನ ಮೆರವಣಿಗೆ. ಅಬ್ಬಾನ ಗೆಳೆಯನನ್ನು ಕೂಡಿಸಿಕೊಂಡು ಹೊರಟಿದ್ದರು. ಹಣೆಯ ತುಂಬ ವಿಭೂತಿ, ಕೊರಳ ತುಂಬ ಹೂವು, ಮುಖ ನಿಚ್ಚಳ ಕಾಣುತ್ತಿತ್ತು. ಸ್ವಲ್ಪ ತಡೆಯಿರಿ, ಅಬ್ಬಾ ಬರುತ್ತಿದ್ದಾರೆ ಎನ್ನಬೇಕಿತ್ತು. ಪೆಟ್ರೋಲ್ ಡಬ್ಬಿ ಹಿಡಿದುಕೊಂಡು ಯಾವ ಬಾಯಿಂದ ಹೇಳಲಿ? ನಾಚಿಕೆಯಾಗಿ ಗೋಡೆಗೆ ಸರಿದು ನಿಂತೆ. ಅಬ್ಬಾ ನೋಡಬೇಕಾಗಿದ್ದ ಮುಖವನ್ನು ನಾನು ನೋಡಿದೆ.

ವಾಪಸು ಬಂದು ಸುರಿದ ಎರಡು ಲೀಟರ್ ಕಾರಿನ ಹೊಟ್ಟೆಗೆ ಬಿದ್ದದ್ದೇ ಪರದೆ ಬೆಳಗಿ ಮೂವತ್ತೆಂಟು ಎಂದಿತು. ಏನೂ ಆಗಿಲ್ಲವೆಂಬಂತೆ! ಒದೆಯಬೇಕೆನಿಸಿತು. ಆದರೆ ಬಂಕ್ ದಾಟಿ ಬಂದವನು ನಾನು, ಪರದೆಯಲ್ಲ. ಆ ಸಿಟ್ಟು ಇವತ್ತಿಗೂ ಎರಡೂ ಕಡೆ ಉರಿಯುತ್ತದೆ.

ನಾವು ಮುಟ್ಟಿದಾಗ ಕುಣಿ ಮುಚ್ಚಿ ಜನ ತಿರುಗಿ ಹೊರಟಿದ್ದರು. ಅಬ್ಬಾ ದಾರಿಯಲ್ಲಿ ಬೈದಿದ್ದರೆ ಹಗುರಾಗುತ್ತಿದ್ದೆ. ಕೋಲೂರಿ ಹೋಗಿ, ಬಗ್ಗಲಾರದ ಮೊಣಕಾಲನ್ನು ಬಗ್ಗಿಸಿ, ಒಂದು ಹಿಡಿ ಮಣ್ಣು ಹಾಕಿದರು. ನಾನು ಹಿಂದೆಯೇ ನಿಂತಿದ್ದೇನೆಂದು ಅವರಿಗೆ ಗೊತ್ತಿರಲಿಲ್ಲ.

"ತಡಾ ಆತಪಾ," ಎಂದರು ಗೆಳೆಯನಿಗೆ. "ಇವತ್ತ ಗಾಡಿ ನನ್ನ ಕೈಯಾಗ ಇರಲಿಲ್ಲ."