ಎರಡು ಹುಬ್ಬಿನಷ್ಟು ಮೌನ

ಬೀದಿಗೆ ಬೀದಿಯೇ ಅವಳನ್ನು ಮಾತಿನಮಲ್ಲಿ ಎಂದು ಕರೆಯುತ್ತಿತ್ತು. ಆ ಹೆಸರಿಟ್ಟವರು ಬೇರೆ ಯಾರೂ ಅಲ್ಲ, ಸ್ವಂತ ಅತ್ತೆ. ಮನೆಯ ಮುಂಗೋಣೆಯಲ್ಲಿ ಒಂದು ತಿರುಗುವ ಕುರ್ಚಿ, ಅಂಚಿನಲ್ಲಿ ಕಪ್ಪಿಟ್ಟ ಕನ್ನಡಿ, ಬಾಚಣಿಗೆ ತುಂಬಿದ ಒಂದು ಬಿಸ್ಕತ್ತಿನ ಡಬ್ಬ, ಇಷ್ಟೇ ಅವಳ ಪಾರ್ಲರ್. ಕತ್ತರಿಗಿಂತ ನಾಲಿಗೆ ಹರಿತ. ಕೂದಲು ಇಳಿಸಿಕೊಳ್ಳಲು ಬಂದವರು ಕೂದಲಿನ ಭಾರ ಇಳಿಸಿ, ಊರ ಸುದ್ದಿಯ ಭಾರ ಹೊತ್ತು ಹೋಗುತ್ತಿದ್ದರು.

ಆ ಕುರ್ಚಿಯ ಕೆಳಗೆ ಅವಳ ಮಾತು ಕೇಳುತ್ತಲೇ ಬೆಳೆದದ್ದು ಬೊಗಸೆ. ಮಗಳು ಅದನ್ನು ಚರಂಡಿಯ ಪಕ್ಕದಿಂದ ಎತ್ತಿ ತಂದಾಗ ಅವಳ ಪುಟ್ಟ ಬೊಗಸೆಯೂ ತುಂಬಿರಲಿಲ್ಲ. ಈಗ ಸೋಫಾ ತುಂಬುವ ನಾಯಿ. ಹೆಸರು ಮಾತ್ರ ಬೆಳೆದಿಲ್ಲ.

ಗಂಡ ಹೊರದೇಶದಲ್ಲಿ ಹಡಗು ಕಟ್ಟುವಲ್ಲಿ ಬೆಸುಗೆ ಹಾಕುವವನು. ಅಂತೂ ಅವನಿಗೆ ಅಲ್ಲಿ ನಾಯಿ ಸಾಕಲು ಬಿಡುವಂಥ ಮನೆ ಸಿಕ್ಕಿತು. ಅತ್ತೆ, ಸೊಸೆ, ಮಗಳು, ಬೊಗಸೆ, ಎಲ್ಲರೂ ಹೊರಡುವುದೆಂದಾಯಿತು. ಬೊಗಸೆಗೆ ಚುಚ್ಚುಮದ್ದಾಯಿತು, ಚರ್ಮದಡಿ ಅಕ್ಕಿಕಾಳಿನಷ್ಟು ಗುರುತಿನ ಚಿಪ್ ಕೂಡ ಸೇರಿತು. ಉಳಿದದ್ದು ವಿಮಾನದಲ್ಲಿ ಅದನ್ನು ಕೂರಿಸಿ ಕಳಿಸುವ ಪೆಟ್ಟಿಗೆ.

ನಾಯಿ ಡಾಕ್ಟರು ಪೆಟ್ಟಿಗೆಯ ಜಾಲರಿ ಬಾಗಿಲನ್ನು ತಟ್ಟಿ ಹೇಳಿದರು: "ನೋಡಮ್ಮ, ಇವನು ಇದರೊಳಗೆ ಒಬ್ಬನೇ, ಗಲಾಟೆ ಮಾಡದೆ ಇರಬೇಕು. ನಾನು ಬೆಳಗಿನ ಪೇಷೆಂಟುಗಳನ್ನೆಲ್ಲ ನೋಡಿ ಮುಗಿಸೋವರೆಗೂ ಇದ್ದರೆ ಪ್ರಯಾಣದ ಕಾಗದಕ್ಕೆ ಸಹಿ ಹಾಕ್ತೀನಿ. ನಿದ್ದೆ ಔಷಧಿ ಮಾತ್ರ ಕೇಳಬೇಡಿ. ವಿಮಾನ ಮೇಲೆ ಹೋದಾಗ ಉಸಿರಿಗೇ ತೊಂದರೆ."

"ಗಲಾಟೆ ಮಾಡಿದ್ರೆ?"

"ಹೆದರಿಕೊಂಡ ನಾಯಿ ಜಾಲರಿ ಕಚ್ಚಿ ಹಲ್ಲು ಮುರ್ಕೊಳ್ಳುತ್ತೆ. ಅಂಥದ್ದನ್ನ ನಾನು ಕಳಿಸಲ್ಲ. ಇಲ್ಲೇ ಯಾವುದಾದ್ರೂ ಒಳ್ಳೆ ಮನೆ ನೋಡಿ."

ಮಗಳು ತಕ್ಷಣ ತನ್ನ ಸ್ಕೂಲ್ ಬ್ಯಾಗನ್ನು ಎದೆಗವಚಿಕೊಂಡಳು. "ಆ ಮನೇಲಿ ನಂಗೂ ಜಾಗ ಇರುತ್ತಾ ಅಂಕಲ್?"

ಆ ಮಾತು ತಾಯಿಯ ಕರುಳಿಗೇ ಕೈ ಹಾಕಿತು. ಮನೆಗೆ ಬಂದವಳೇ ಪೆಟ್ಟಿಗೆಯಲ್ಲಿ ತನ್ನ ಹಳೆಯ ನೈಟಿ ಹಾಸಿದಳು, ಊಟದ ತಟ್ಟೆಯನ್ನೂ ಒಳಗೇ ಇಟ್ಟಳು. ಬೊಗಸೆ ಮಾವನ ಮನೆಗೆ ಬಂದ ಅಳಿಯನಂತೆ ಒಳಹೊಕ್ಕು ಕಾಲು ಚಾಚಿತು. ಬಾಗಿಲು ಹಾಕಿದರೂ ಗೊರಕೆ. "ನೋಡಿ ಅತ್ತೆ, ನನ್ ಮಗ ಹೇಗೆ ಕಲಿತುಬಿಟ್ಟ!" ಎಂದು ಬೀಗಿದಳು.

ಬೀಗಿದ್ದು ಒಂದು ವಾರ. ಆಮೇಲೊಂದು ಬೆಳಿಗ್ಗೆ ಟೀಚರೊಬ್ಬರು ಹುಬ್ಬು ತಿದ್ದಿಸಿಕೊಳ್ಳಲು ಬಂದರು. ಹುಬ್ಬಿನ ಕೆಲಸಕ್ಕೆ ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯಬೇಕು. ಬಾಯಿ ತೆರೆದರೆ ದಾರ ಜಾರುತ್ತದೆ. ಮುಂಗೋಣೆ ಸದ್ದಡಗಿತು. ಅಷ್ಟರಲ್ಲಿ ಪೆಟ್ಟಿಗೆಯೊಳಗಿಂದ ಕುಂಯ್‌ಗುಡುವುದು, ಕೆರೆಯುವುದು, ಆಮೇಲೆ ಆಕಾಶಕ್ಕೆ ಮುಖವೆತ್ತಿದ ಊಳು. ಬೆಚ್ಚಿದ ಟೀಚರ ಹುಬ್ಬಿನಲ್ಲಿ ಒಂದು ಸಣ್ಣ ಓಣಿಯೇ ಬಿದ್ದಿತು.

ಅತ್ತೆ ಸೊಪ್ಪು ಬಿಡಿಸುತ್ತ ತಲೆಯೆತ್ತದೆ ಹೇಳಿದರು: "ಪೆಟ್ಟಿಗೆ ಏನೂ ಅಭ್ಯಾಸ ಆಗಿಲ್ಲ ಕಣೆ. ನಿನ್ನ ವಟವಟ ಅಭ್ಯಾಸ ಆಗಿದೆ. ಅದು ನಿಂತರೆ ಪ್ರಪಂಚಾನೇ ನಿಂತಿತು ಅಂದ್ಕೊಳ್ಳುತ್ತೆ ಪಾಪ."

ಅವಳು ದಾರ ಉಗುಳಿದಳು. "ವಿಮಾನದ ಹೊಟ್ಟೇಲಿ ನಾನು ಹೋಗಿ ಕೂತು ಮಾತಾಡಕ್ಕಾಗುತ್ತಾ?"

"ಅದಕ್ಕೇ, ಇಲ್ಲೇ ಬಾಯಿ ಮುಚ್ಚೋದು ಕಲಿ."

ಕಲಿಯಲು ಹೊರಟಳು ಕೂಡ. ತುಟಿ ಬಿಗಿದು ಕೆಲಸಕ್ಕೆ ನಿಂತರೆ ಬಂದವರೆಲ್ಲ ಗಾಬರಿ. "ಯಾಕೆ ಹುಷಾರಿಲ್ವಾ?" "ಗಂಡನ ಜೊತೆ ಜಗಳವಾ?" ಜಗಳವಿಲ್ಲವೆಂದು ಬಿಡಿಸಿ ಹೇಳುವಷ್ಟರಲ್ಲಿ ಮಧ್ಯಾಹ್ನವಾಯಿತು. ಬೊಗಸೆ ಸುಖವಾಗಿ ಗೊರಕೆ ಹೊಡೆಯಿತು. ತನ್ನ ನಾಲಿಗೆಯನ್ನು ತಾನು ನಂಬುವ ಹಾಗಿಲ್ಲ, ನಂಬಬಹುದಾದದ್ದು ಹಲ್ಲಿನ ನಡುವಿನ ದಾರವೊಂದನ್ನೇ ಎಂದು ಅವಳಿಗೆ ಆಗ ಹೊಳೆಯಿತು.

ಅವತ್ತಿನಿಂದ ಬೀದಿಗೆಲ್ಲ ಹುಬ್ಬು ಪುಕ್ಕಟೆ. ಮೊದಲು ಅರ್ಧ ಹುಬ್ಬು; ಬೊಗಸೆ ಕುಂಯ್ ಅನ್ನುವ ಮುಂಚೆಯೇ ದಾರ ಬಿಟ್ಟು, "ಜಾಣ ನನ್ನಪ್ಪ!" ಎಂದು ತಿಂಡಿ. ಆಮೇಲೆ ಒಂದು ಹುಬ್ಬು, ಎರಡು ಹುಬ್ಬು, ಎರಡು ಹುಬ್ಬಿನ ಮೇಲೊಂದು ತುಟಿ. ಮಗಳು ಪೆಟ್ಟಿಗೆಯ ಪಕ್ಕ ಕೂತು ಕೂಗುತ್ತಿದ್ದಳು: "ಅಮ್ಮಾ, ಇವತ್ತು ಎರಡು ಹುಬ್ಬು ಸುಮ್ಮನಿದ್ದ!" ಹೆಂಗಸರು ಮುಗಿದರು. ಪೇಪರಿನವನನ್ನು ಹಿಡಿದು ಕೂರಿಸಿದಳು, ಮೂಲೆಮನೆಯ ತಾತನ ಕಿವಿಯ ಕೂದಲನ್ನೂ ಬಿಡಲಿಲ್ಲ. ಮರುದಿನ ಪೇಪರಿನವನ ಹೆಂಡತಿ ಸೆರಗು ಸಿಕ್ಕಿಸಿಕೊಂಡೇ ಬಂದಳು.

"ಏನ್ರೀ ಮಾಡಿಬಿಟ್ರಿ ನಮ್ಮ ಮನೆಯವರನ್ನ? ನಾನೇನು ಹೇಳಿದ್ರೂ ಹುಬ್ಬೇರಿಸಿ ಹೌದಾ, ಹೌದಾ ಅನ್ನೋ ಹಾಗೇ ನೋಡ್ತಾರೆ!"

"ಕೂತ್ಕೊಳ್ಳಿ, ನಿಮಗೂ ಮಾಡ್ತೀನಿ, ಜೋಡಿ ಸರಿಹೋಗುತ್ತೆ," ಎಂದು ಅವಳು ದಾರ ಕಚ್ಚಿದಳು. ಅಷ್ಟು ಹೊತ್ತಿಗೆ ಪೆಟ್ಟಿಗೆ ಮುಂಗೋಣೆಯಿಂದ ಅಡುಗೆಮನೆಗೆ, ಅಲ್ಲಿಂದ ಅತ್ತೆಯ ಕೋಣೆಗೆ ಹೋಗಿತ್ತು. ಬೊಗಸೆ ಒಂಟಿಯಾಗಿರಲು ಕಲಿಯುತ್ತಿತ್ತು.

ಡಾಕ್ಟರ ಬಳಿ ಹೋಗುವ ದಿನ ಬಂತು. ಪೆಟ್ಟಿಗೆಯನ್ನು ಒಳಕೋಣೆಗೆ ಒಯ್ದು ಬಾಗಿಲು ಹಾಕಿದರು. ಹೊರಗೆ ಬೆಂಚಿನ ಮೇಲೆ ಅತ್ತೆ, ಸೊಸೆ, ನಡುವೆ ಮಗಳು. ಎದುರಿಗೆ ಬುಟ್ಟಿಯಲ್ಲಿ ಬೆಕ್ಕು, ಪಂಜರದಲ್ಲಿ ಗಿಳಿ, ಕುಂಟುವ ಮೇಕೆ. ಒಂದೊಂದೇ ಡಾಕ್ಟರ ಕೋಣೆಗೆ ಹೋಗಿ ಹೊರಗೆ ಬಂದವು. ಒಳಕೋಣೆಯಿಂದ ಉಸಿರಿಲ್ಲ.

"ಅತ್ತೆ, ಸದ್ದೇ ಇಲ್ವಲ್ಲ!"

"ಸದ್ದು ಇರಬಾರದು ಅಂತಾನೇ ಬಂದಿರೋದು."

"ಒಂದೇ ಒಂದು ಸಲ, ಬೊಗಸೇ ಅಂತ…" ಅಷ್ಟರಲ್ಲಿ ಅತ್ತೆಯ ಅಂಗೈ ಅವಳ ಬಾಯಿ ಮುಚ್ಚಿತ್ತು. ಅದರ ಮೇಲೆ ಮಗಳ ಪುಟ್ಟ ಕೈಯೂ ಕೂತಿತು. ಮೇಕೆ ಹೋಗುವವರೆಗೂ ಆ ಕೈಗಳು ಅಲುಗಲಿಲ್ಲ.

ಕಡೆಗೆ ಡಾಕ್ಟರು ಬಾಗಿಲು ತೆರೆದು ಕರೆದರು. ಬೊಗಸೆ ನೈಟಿಯ ತೋಳಿನೊಳಗೆ ಮೂತಿ ತೂರಿಸಿ, ನಾಲ್ಕು ಕಾಲನ್ನೂ ನಾಲ್ಕು ದಿಕ್ಕಿಗೆ ಚೆಲ್ಲಿ ಮಲಗಿತ್ತು. ಕನಸಿನಲ್ಲಿ ಎಲ್ಲಿಗೋ ಓಡುತ್ತಿತ್ತು.

"ಇವನು ನಿಮಗಿಂತ ಆರಾಮಾಗಿ ಹೋಗ್ತಾನೆ," ಎಂದು ಡಾಕ್ಟರು ಸಹಿ ಹಾಕಿದರು. ಮಗಳು ಕುಣಿದಳು. ತಾಯಿ ಮಾತ್ರ ನಗುತ್ತಲೇ ಪೆಟ್ಟಿಗೆಯ ಮುಂದೆ ಕೂತು ಜಾಲರಿಗೆ ಹಣೆ ತಾಕಿಸಿದಳು.

"ನಾನಿಲ್ದೆ ಇದ್ರೂ ನಿದ್ದೆ ಬರುತ್ತಲ್ಲ ಅತ್ತೆ, ಈ ಕಳ್ಳನಿಗೆ."

"ಅದನ್ನೇ ಅಲ್ವೇನೆ ನೀನು ಕಲಿಸಿದ್ದು?" ಅತ್ತೆ ಸೊಸೆಯ ಕಣ್ಣನ್ನು ತಮ್ಮ ಸೆರಗಿನಿಂದಲೇ ಒರೆಸಿದರು. ಆಮೇಲೆ ಡಾಕ್ಟರ ಕಡೆ ತಿರುಗಿ, "ಸ್ವಾಮಿ, ವಿಮಾನದಲ್ಲಿ ಇವಳ ಪಕ್ಕದ ಸೀಟು ನನ್ನದು. ಆ ಪೆಟ್ಟಿಗೇಲಿ ನನಗೂ ಸ್ವಲ್ಪ ಜಾಗ ಆಗಬಹುದಾ, ನೋಡಿ," ಎಂದರು.