ನೆರಳಿಲ್ಲದ ಕಟ್ಟಡಗಳನ್ನು ಮಡಚಿಸಿದವರು

ನೆಲವು ಎಲ್ಲಿ, ಯಾವ ಬಳಕೆಯಿಂದ ಯಾವುದಕ್ಕೆ ತಿರುಗಿತು ಎಂಬುದನ್ನು ಅಳೆದು, ಮುಂದೆ ಎಲ್ಲಿ ಕಟ್ಟಬಹುದು, ಎಲ್ಲಿ ಕಟ್ಟಲೇಬಾರದು ಎಂದು ನಗರಕ್ಕೆ ತಿಳಿಹೇಳುವ ವಿದ್ಯೆಯಲ್ಲಿ ಹೆಸರು ಮಾಡಿದವರು ಹಲವರಿದ್ದಾರೆ. ಆದರೆ ಕಂಪ್ಯೂಟರಿನ ಮುಂದೆ ಕುಳಿತಷ್ಟೇ ಶ್ರದ್ಧೆಯಿಂದ ಕೆಸರಿನಲ್ಲಿ ನಿಂತೂ ಆ ವಿದ್ಯೆಯನ್ನು ನಡೆಸಿದವರು ವಿರಳ. ಯೋಜನಾ ಕಚೇರಿಯ ಭೂಬಳಕೆ ವಿಭಾಗದಿಂದ ಈ ತಿಂಗಳು ನಿವೃತ್ತರಾಗುತ್ತಿರುವ ಮುಖ್ಯಸ್ಥೆ ಅಂಥವರಲ್ಲಿ ಅಗ್ರಗಣ್ಯರು. ಕಚೇರಿಯಲ್ಲಿ ಅವರಿಗೆ ‘ಬೂಟ್ಸ್ ಮೇಡಂ’ ಎಂಬ ಹೆಸರಿದೆ. ಅದು ಅವರಿಗೆ ಗೊತ್ತಿಲ್ಲವೆಂದು ಎಲ್ಲರೂ ನಂಬಿದ್ದಾರೆ. ಅವರಿಗೆ ಚೆನ್ನಾಗಿಯೇ ಗೊತ್ತು.

ನಕ್ಷೆಗಳನ್ನು ಪೆನ್ಸಿಲಿನಲ್ಲಿ ತಿದ್ದುತ್ತಿದ್ದ ಕಾಲದಲ್ಲಿ, ಕಿಟಕಿ ಸರಿಯಾಗಿ ಮುಚ್ಚದ ಹಿಂದಿನ ಕೋಣೆಯಲ್ಲಿ ಅವರ ಸೇವೆ ಶುರುವಾಯಿತು. ಕಂಪ್ಯೂಟರು ಬಂತು, ಉಪಗ್ರಹದ ಚಿತ್ರ ಬಂತು, ಮೇಜಿನ ಕೆಳಗಿನ ಗಮ್‌ಬೂಟು ಮಾತ್ರ ಕದಲಲಿಲ್ಲ. ಯಾರಾದರೂ ಬಣ್ಣಬಣ್ಣದ ನಕ್ಷೆ ತಂದಿಟ್ಟರೆ ಅವರದು ಒಂದೇ ಪ್ರಶ್ನೆ: “ಕೆಳಗೇನಿದೆ ನೋಡಿದ್ರಾ?” ಇಲ್ಲವೆಂದರೆ ಬೈಯುತ್ತಿರಲಿಲ್ಲ, ಬೂಟು ಹಾಕಿಕೊಂಡು ತಾವೇ ಜೊತೆಗೆ ಹೊರಡುತ್ತಿದ್ದರು. ಬೈಸಿಕೊಂಡಿದ್ದರೇ ವಾಸಿಯಿತ್ತು ಎಂದು ಅರ್ಧ ದಾರಿಯಲ್ಲಿ ಅನ್ನಿಸುತ್ತಿತ್ತು.

ಅಂಥವರೂ ಒಮ್ಮೆ ನೋಡದೆ ಸಹಿ ಹಾಕಿದ್ದರು. ಹೊಸ ನಗರಯೋಜನೆಯ ಗಡಿಬಿಡಿಯಲ್ಲಿ ಸಹಾಯಕರೊಬ್ಬರು ತಯಾರಿಸಿದ ನಕ್ಷೆಯಲ್ಲಿ, ಹೊಳೆಯಂಚಿನ ಹುಲ್ಲುಬಯಲು ಕಟ್ಟಡಗಳಿಂದ ತುಂಬಿಹೋಗಿದೆ ಎಂದಿತ್ತು. ಹೇಗೂ ಕಟ್ಟಿಯಾಗಿದೆಯಲ್ಲ, ಮಣ್ಣು ತುಂಬಿಸಿ ದೊಡ್ಡ ವಸತಿ ಸಮುಚ್ಚಯಗಳನ್ನೇ ಎಬ್ಬಿಸೋಣ ಎಂದು ಯೋಜನಾ ಸಮಿತಿ ಹೊರಟಿತು. ಹೊಳೆ ಉಕ್ಕಿದಾಗ ನೀರೆಲ್ಲ ಹರಡಿ ನಿಲ್ಲುತ್ತಿದ್ದುದೇ ಆ ಬಯಲಿನಲ್ಲಿ. ಅದು ಹೋದರೆ ತಗ್ಗಿನ ಬೀದಿಗಳು ಮುಳುಗುತ್ತವೆ. ಮುಖ್ಯಸ್ಥೆ ಆ ನಕ್ಷೆಗೆ ಆಧಾರವಾಗಿದ್ದ ಉಪಗ್ರಹದ ಚಿತ್ರವನ್ನು ಹಿಗ್ಗಿಸಿ ನೋಡಿದರು. ಸುತ್ತಲಿನ ಮನೆಗಳಿಗೆಲ್ಲ ನೆರಳಿತ್ತು, ಬಯಲಿನ ಕಟ್ಟಡಗಳಿಗೆ ಇರಲಿಲ್ಲ. ಬೂಟು ಹಾಕಿಕೊಂಡು ಹೊರಟರು.

ಬಯಲ ತುಂಬ ಬಿಳಿ ಬೆಡ್‌ಶೀಟುಗಳು ಒಣಗುತ್ತಿದ್ದವು. ಬಟ್ಟೆ ಒಗೆಯುವವರ ಪೈಕಿ ಹಿರಿಯಳಾದ ಲಾಂಡ್ರಿ ಅಕ್ಕ ದೂರದಿಂದಲೇ ಕೂಗಿದಳು:

“ಆಸ್ಪತ್ರೆ ಕಡೆಯೋರಾ? ಇನ್ನೂ ಒಣಗಿಲ್ಲಮ್ಮ!”

“ಬಟ್ಟೆಗೆ ಬಂದಿಲ್ಲ ಅಕ್ಕ. ಇವೆಲ್ಲ ನಮ್ಮ ನಕ್ಷೇಲಿ ಮನೆಗಳಾಗಿಬಿಟ್ಟಿವೆ.”

“ಹಂಗಾದ್ರೆ ಒಂದು ನನ್ ಹೆಸರಿಗೆ ಬರ್ಕೊಡಿ!” ಎಂದು ಅಕ್ಕ ಹೊಟ್ಟೆ ಹಿಡಿದು ನಕ್ಕಳು. ವಿಷಯ ಪೂರ್ತಿ ಕೇಳಿದ ಮೇಲೆ ನಗು ನಿಂತಿತು. “ಈ ಬಯಲು ಹೋದ್ರೆ ನಾವೆಲ್ಲಿ ಹರವೋದು?”

ಸಮಿತಿಯ ಅಧ್ಯಕ್ಷರು ಒಪ್ಪಲಿಲ್ಲ. “ಉಪಗ್ರಹ ಸುಳ್ಳು ಹೇಳುತ್ತಾ ಮೇಡಂ?” ಎಂದರು. ಉಪಗ್ರಹ ಬರುವುದು ಬೆಳಗಿನ ಹೊತ್ತು, ಬಟ್ಟೆ ಹರವುವುದೂ ಆಗಲೇ. ಮುಖ್ಯಸ್ಥೆ ಮತ್ತೆ ಬಯಲಿಗೆ ಹೋಗಿ, ಉಪಗ್ರಹ ಮುಂದಿನ ಸಲ ಹಾದುಹೋಗುವ ದಿನ ಮಧ್ಯಾಹ್ನದವರೆಗೆ ಏನನ್ನೂ ಹರವಬೇಡಿರೆಂದು ಕೇಳಿಕೊಂಡರು. ಒದ್ದೆ ಬಟ್ಟೆಯ ರಾಶಿ ಇಟ್ಟುಕೊಂಡು ಒಳ್ಳೆಯ ಬಿಸಿಲನ್ನು ಬಿಡುವುದು ಸಣ್ಣ ಮಾತಲ್ಲ. “ಮೇಲಿರೋರಿಗೂ ನಮ್ ಬಟ್ಟೆ ಮೇಲೇ ಕಣ್ಣು!” ಎಂದು ಗೊಣಗುತ್ತಲೇ ಅಕ್ಕ ಎಲ್ಲರನ್ನೂ ಒಪ್ಪಿಸಿದಳು.

ಹೊಸ ಚಿತ್ರದಲ್ಲಿ ಬಯಲು ಹಚ್ಚಗಿತ್ತು. ಎರಡನ್ನೂ ಸಮಿತಿಯ ಮುಂದೆ ಅಕ್ಕಪಕ್ಕ ಇಟ್ಟು ಮುಖ್ಯಸ್ಥೆ ಹೇಳಿದರು: “ಇಷ್ಟು ಬೇಗ ಇಷ್ಟು ಮನೆ ಕೆಡವೋಕೆ ಯಾರಿಂದಾಗುತ್ತೆ ಸಾರ್? ಮಡಚಿ ಇಟ್ಟಿದ್ದಾರೆ, ಅಷ್ಟೇ. ಉಪಗ್ರಹದ್ದೇನೂ ತಪ್ಪಿಲ್ಲ. ಸಹಿ ನಂದು, ತಪ್ಪೂ ನಂದೇ.” ಹಿಂದೆ ತಲೆತಗ್ಗಿಸಿ ಕುಳಿತಿದ್ದ ಸಹಾಯಕರ ಹೆಸರು ಅವರ ಬಾಯಿಂದ ಅಂದೂ ಬರಲಿಲ್ಲ, ಮುಂದೆಂದೂ ಬರಲಿಲ್ಲ. ಬಯಲು ‘ಕಟ್ಟಬಾರದ ನೆಲ’ವೆಂದು ಯೋಜನೆ ಸೇರಿತು. ಆ ವರ್ಷದ ಮಳೆಗೆ ಹೊಳೆ ಉಕ್ಕಿ ಅಲ್ಲಿ ಹರಡಿತು. ತಗ್ಗಿನ ಬೀದಿಗಳ ಹೊಸ್ತಿಲು ಒದ್ದೆಯಾಗಲಿಲ್ಲ. ಈ ಕಚೇರಿಯ ಹೆಮ್ಮೆ ಏನೆಂದು ಕೇಳಿದವರಿಗೆ ವಿಭಾಗದವರು ಇಂದಿಗೂ ಆ ಹೊಸ್ತಿಲುಗಳನ್ನೇ ತೋರಿಸುತ್ತಾರೆ.

ಅವರಿಗೆ ದೀರ್ಘಾಯುಷ್ಯವಿರಲಿ, ಕಾಲಿಗೆ ಬಲವಿರಲಿ, ಅವರು ನಡೆಯಬೇಕಾದ ನೆಲ ಇನ್ನೂ ಬಹಳವಿದೆ. ಸನ್ಮಾನದ ವೇದಿಕೆಯ ಮೇಜಿಗೆ ಹಾಸುವ ಬಿಳಿ ಬಟ್ಟೆಯನ್ನು ಅದೇ ಬಯಲಿನಲ್ಲಿ ಒಣಗಿಸಿ ಕೊಡುತ್ತೇನೆಂದು ಲಾಂಡ್ರಿ ಅಕ್ಕ ಹಟ ಹಿಡಿದಿದ್ದಾಳೆ. ಮುಖ್ಯಸ್ಥೆ ಕೂರುವ ಮೊದಲು ಅದರ ಅಂಚೆತ್ತಿ ಕೆಳಗೇನಿದೆ ಎಂದು ನೋಡದೆ ಬಿಡುವವರಲ್ಲ. ಈ ಅಭಿನಂದನಾ ಸಂಪುಟ ಅವರ ಕೈಸೇರುವುದು ಆಮೇಲೆ, ಆದ್ದರಿಂದ ಇಲ್ಲಿ ಹೇಳಿದರೆ ಅಡ್ಡಿಯಿಲ್ಲ: ಅವರ ಅಳತೆಯ ಹೊಸ ಗಮ್‌ಬೂಟುಗಳನ್ನು ಆ ಸಹಾಯಕರು ಅಲ್ಲೇ ಇಟ್ಟಿರುತ್ತಾರೆ.